ಈ ಸಲ ಅವಳು ಬೆರಳೆತ್ತಲಿಲ್ಲ

ದೀಕ್ಷಾಳ ಅಮ್ಮನಿಗೆ,

ನಿನ್ನನ್ನು ಹೆಸರು ಹಿಡಿದು ಕರೆದದ್ದು ನನಗೆ ನೆನಪಿಲ್ಲ. ಮದುವೆಯಾದ ಹೊಸತರಲ್ಲಿ ನಾಚಿಕೆ, ಮಗಳು ಹುಟ್ಟಿದ ಮೇಲೆ ನೀನು ಎಲ್ಲರಿಗೂ ದೀಕ್ಷಾಳ ಅಮ್ಮ. ಈಗ ಕಾಗದದ ಮೇಲೆ ಹರಿಣಾಕ್ಷಿ ಎಂದು ಬರೆದು ನೋಡಿದೆ. ಯಾರೋ ಪರಿಚಯವಿಲ್ಲದ ಹೆಂಗಸಿಗೆ ಬರೆದ ಹಾಗಾಯಿತು. ಅದಕ್ಕೇ ಹೀಗೆ ಶುರು ಮಾಡಿದ್ದೇನೆ. ನಾನು ಸೌದಿಯ ದಮಾಮಿನಿಂದ ರಜೆಯಲ್ಲಿ ಬಂದಾಗ ಸಂಜೆ ಡೈರಿ ಹಿಡಿದು ಕೂತರೆ ನೀನು ಅಡುಗೆಮನೆಯಿಂದ ಇಣುಕಿ, "ಇವತ್ತು ಸಾರಿಗೆ ಉಪ್ಪು ಕಡಿಮೆ ಅಂತಲೂ ಬರೀತೀರಾ ಇವರೇ?" ಎಂದು ತಮಾಷೆ ಮಾಡುತ್ತಿದ್ದೆ. ಹೌದು, ಅದನ್ನೂ ಬರೆದಿದ್ದೇನೆ. ನೀನು ಹೋದ ಮೇಲೆ ಬರೆದದ್ದೆಲ್ಲ ನಿನಗೇ ಹೇಳಿದ ಹಾಗೆ ಆಗುತ್ತದೆ. ಹಾಗಿದ್ದ ಮೇಲೆ ನಿನಗೇ ಬರೆದರೆ ಆಗದೇ? ಇವತ್ತು ಆದಿತ್ಯವಾರ, ಅಂಗಡಿಗೆ ರಜೆ. ನಿನ್ನ ಅತ್ತೆ ಊಟ ಮಾಡಿ ಮಲಗಿದ್ದಾರೆ. ಮಗಳು ಗೆಳತಿಯ ಮನೆಗೆ ಹೋಗಿದ್ದಾಳೆ. ಹೇಳಬೇಕಾದದ್ದು ತುಂಬ ಉಂಟು.

ನಮ್ಮ ಮನೆಯಲ್ಲಿ ಕನ್ನಡ ಶುರುವಾದ ದಿನ ನಿನಗೆ ನೆನಪಿರಬಹುದು. ನಾನು ದಮಾಮಿನಲ್ಲಿದ್ದೆ, ನೀನು ಫೋನಿನಲ್ಲಿ ಹೇಳಿದೆ. ಕಿವಿ ಕೇಳದ ಮಗುವಿನ ಎರಡೂ ಕಿವಿಗೆ ಮೆಷಿನ್ ಹಾಕಿ ಆಗಿತ್ತು. ಮಾತು ಕಲಿಸುವ ಟೀಚರು, ಈ ಮಗುವಿಗೆ ಒಂದೇ ಭಾಷೆ ಕೊಡಿ, ಎರಡು ಮೂರು ಕೊಟ್ಟರೆ ಒಂದೂ ಬರುವುದಿಲ್ಲ ಎಂದಿದ್ದರಂತೆ. ಹುಟ್ಟಿದಂದಿನಿಂದ ನಮ್ಮ ಬಾಯಲ್ಲಿದ್ದದ್ದು ತುಳು. ಶಾಲೆಯದ್ದು ಕನ್ನಡ. ನೀನು ಒಂದು ರಾತ್ರಿಯೂ ಯೋಚನೆ ಮಾಡಲಿಲ್ಲ, ಮರುದಿನದಿಂದ ಹೊಸಿಲಿನ ಒಳಗೆ ತುಳು ಬಂದ್ ಎಂದೆ. ನಿನ್ನ ಅತ್ತೆಗೆ ಕನ್ನಡ ಎಂದರೆ ಬಸ್ಸಿನ ಬೋರ್ಡು, ಅಷ್ಟೇ. "ಊಟ ಮಲ್ಪು ಮಗಾ" ಎಂದರೆ ನೀನು "ಊಟ ಮಾಡು ಅನ್ನಿ ಅತ್ತೆ" ಎಂದು ತಿದ್ದುತ್ತಿದ್ದೆ. ಅವರು ನನಗೆ ಫೋನಿನಲ್ಲಿ ದೂರು ಕೊಡುವುದಾದರೂ ಕನ್ನಡದಲ್ಲೇ ಕೊಡಬೇಕಾಗಿತ್ತು. ನಾವಿಬ್ಬರೂ ಜಗಳ ಮಾಡುವುದಾದರೂ ಕನ್ನಡದಲ್ಲೇ. ತುಳುವಿನಲ್ಲಿ ಬೈದ ಹಾಗೆ ನನಗೆ ಕನ್ನಡದಲ್ಲಿ ಬೈಯಲು ಬರುವುದಿಲ್ಲ. ಅದಕ್ಕೇ ನಮ್ಮ ಜಗಳ ಕಡಿಮೆಯಾದದ್ದೋ ಏನೋ.

ಒಂದು ರಜೆಯಲ್ಲಿ ನಾನು ಬಂದಾಗ ನೀವಿಬ್ಬರೂ ಮನೆಯ ಹಾಲ್‌ನಲ್ಲಿ ಕೂತಿದ್ದಿರಿ. ಅವಳ ಎದುರು ಸ್ಟೀಲಿನ ಲೋಟ, ಮಡಿಲಲ್ಲಿ ಚೆನ್ನೆಮಣೆ ಆಟದ ಕೆಂಪು ಬೀಜಗಳು. ನೀನು ಅವಳ ಬೆನ್ನ ಹಿಂದೆ ಕೂತು, ಬಾಯಿಗೆ ಬೀಸಣಿಗೆ ಅಡ್ಡ ಹಿಡಿದು "ಬಾ" ಎನ್ನುವೆ. ಕೇಳಿದರೆ ಅವಳು ಲೋಟಕ್ಕೆ ಒಂದು ಬೀಜ ಹಾಕಬೇಕು. ಹಾಕಿದರೆ ಚಪ್ಪಾಳೆ, ಮುತ್ತು, ಒಮ್ಮೊಮ್ಮೆ ದ್ರಾಕ್ಷಿ. ನಿನ್ನ ಅತ್ತೆ ಬಾಗಿಲಲ್ಲಿ ನಿಂತು, ಮಳೆಗಾಲದ ಆಟಿ ತಿಂಗಳು ಬಿಟ್ಟು ಬೇರೆ ಕಾಲದಲ್ಲಿ ಚೆನ್ನೆ ಬೀಜ ಹೊರಗೆ ತೆಗೆಯಬಾರದು ಎಂದು ಗೊಣಗುತ್ತಿದ್ದರು. "ಆಟಿ ಬರುವವರೆಗೆ ಮಗಳ ಕಿವಿ ಕಾಯ್ತದಾ ಅತ್ತೆ?" ಎಂದೆ ನೀನು. ಅವಳು ಟಣ್ ಟಣ್ ಎಂದು ಬೀಜ ಹಾಕುತ್ತಲೇ ಇದ್ದಳು. ಒಂದನ್ನೂ ಬಿಡಲಿಲ್ಲ. ನನ್ನ ಕಣ್ಣು ತುಂಬಿ ಬಂತು. ನಿನ್ನ ಕಣ್ಣೂ.

ನಿನಗೆ ಜ್ವರ ಬಂದ ವಾರ ನಾನು ಫೋನಿನಲ್ಲಿ ನಿನ್ನ ಮುಖ ನೋಡಿ, "ಡೋಲೋ ತಗೊಂಡು ಮಲಗು" ಎಂದದ್ದು... ಇರಲಿ. ಅದನ್ನು ಬರೆಯಲು ಕೂತರೆ ಬೇರೆ ಏನೂ ಬರೆಯಲಾಗುವುದಿಲ್ಲ. ಡೆಂಗ್ಯೂ ಎಂದು ಗೊತ್ತಾಗುವಾಗ ನೀನು ಐಸಿಯುವಿನಲ್ಲಿದ್ದೆ. ನಾನು ಬಜ್ಪೆಯಲ್ಲಿ ವಿಮಾನ ಇಳಿಯುವಾಗ ಎಲ್ಲ ಮುಗಿದಿತ್ತು. ಆಮೇಲೆ ನಾನು ಹಿಂತಿರುಗಲಿಲ್ಲ. ತೊಕ್ಕೊಟ್ಟಿನಲ್ಲಿ ಹಮೀದ್ ಕಾಕನ ಪಾತ್ರೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದೆ. ಹಮೀದ್ ಕಾಕನ ನೆನಪುಂಟಲ್ಲ? ನಮ್ಮ ಮದುವೆಯ ಪಾತ್ರೆಗಳೆಲ್ಲ ಅವರಲ್ಲಿಂದಲೇ ತಂದದ್ದು. ಸಂಬಳ ಮನೆಗೆ ಸಾಕು, ಮಗಳ ಕಿವಿಯ ಮೆಷಿನಿನ ಬ್ಯಾಟರಿಗೆ ಸಾಕು. ದಮಾಮಿನಲ್ಲಿ ದುಡಿದು ತಂದದ್ದು ಈ ಶಕ್ತಿನಗರದ ಮನೆಗೆ ಹೋಗಿತ್ತು, ಉಳಿದದ್ದು ಆಸ್ಪತ್ರೆಗೆ.

ಮೊದಲ ತಿಂಗಳು ಮಗಳಿಗೆ ನನ್ನ ಮಾತೇ ಅರ್ಥವಾಗುತ್ತಿರಲಿಲ್ಲ. ನಿನ್ನ ತುಟಿಯನ್ನು ಅವಳು ದೂರದಿಂದಲೇ ಓದುತ್ತಿದ್ದಳು. ನನ್ನದು ವಿಡಿಯೋ ಕಾಲಿನಲ್ಲಿ ಕಂಡ ತುಟಿ. ಒಂದು ದಿನ ಬೇಜಾರಾಗಿ ಹೇಳಿದಳು, "ಪಪ್ಪ, ನಿಮ್ಮ ಮೀಸೆ ತೆಗೀರಿ. ಮಾತಿಗೆ ಪರದೆ ಕಟ್ಟಿದ ಹಾಗೆ ಉಂಟು." ಇಪ್ಪತ್ತನೇ ವಯಸ್ಸಿನಿಂದ ಇದ್ದ ಮೀಸೆ! ತೆಗೆದೆ. ಮರುದಿನ ಅಂಗಡಿಯಲ್ಲಿ ಹಮೀದ್ ಕಾಕ ನನ್ನನ್ನು ನೋಡಿ, "ಎಂತ ಬೇಕಿತ್ತು ಸಾರ್, ಕುಕ್ಕರಾ ಕಡಾಯಿಯಾ?" ಎಂದು ಗಿರಾಕಿಯ ಹಾಗೆ ಮಾತಾಡಿಸಿದರು. ನಗು ತಡೆಯಲಾಗದೆ ಅವರೇ ಸ್ಟೂಲಿನಲ್ಲಿ ಕೂತುಬಿಟ್ಟರು. ನೀನು ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು. ನಕ್ಕೆ ಎಂದು ಡೈರಿಯಲ್ಲಿ ಬರೆಯಲು ಮನಸ್ಸು ಬರಲಿಲ್ಲ, ಬರೆಯಲಿಲ್ಲ. ಈಗ ನಿನಗೆ ಹೇಳುತ್ತಿದ್ದೇನೆ.

ಪಿಯುಸಿ ಫಲಿತಾಂಶ ಬಂದ ದಿನ ಅವಳು ಮೊಬೈಲನ್ನು ನಿನ್ನ ಫೋಟೋದ ಎದುರು ಹಿಡಿದು ನಿಂತಿದ್ದಳು. ಒಳ್ಳೆಯ ಫಸ್ಟ್ ಕ್ಲಾಸು. ಮೆಡಿಕಲ್ ಲ್ಯಾಬಿನ ಡಿಗ್ರಿ ಮಾಡುತ್ತೇನೆ ಎಂದಳು. "ರಕ್ತ ಮಾತಾಡುವುದಿಲ್ಲ ಪಪ್ಪ, ನೋಡಿದ್ರೆ ಸಾಕು" ಎನ್ನುತ್ತಾಳೆ. ಇದು ಯಾವಾಗ ಅವಳ ತಲೆಗೆ ಹೋಯಿತು? ನಿನ್ನ ಪ್ಲೇಟ್ಲೆಟ್ ರಿಪೋರ್ಟು ಹಿಡಿದು ಲ್ಯಾಬಿನ ಕಿಟಕಿಯ ಎದುರು ಕಾಯುತ್ತಿದ್ದಾಗಲೇ? ಕೇಳಲಿಲ್ಲ ನಾನು. ಅವಳನ್ನೂ ಕರೆದುಕೊಂಡು ಹೋಗಿ ಕಾಲೇಜಿನಲ್ಲಿ ವಿಚಾರಿಸಿದೆ. ಫೀಸು ಕೇಳಿ, ಹೌದಾ ಎಂದು ಮಾತ್ರ ಹೇಳಿ ಎದ್ದು ಬಂದೆ. ಮೊದಲ ವರ್ಷಕ್ಕೆ ಹೇಗೋ ಹೊಂದಿಸಬಹುದು, ಮತ್ತಿನ ವರ್ಷಗಳಿಗೆ? ಬಾಗಿಲ ತನಕ ಬಂದವನನ್ನು ಅಲ್ಲಿನ ಕ್ಲರ್ಕ್ ಹೆಂಗಸೇ ವಾಪಸು ಕರೆದರು. ಮಗಳ ಕಿವಿಯ ಮೆಷಿನನ್ನು ಅವರು ಗಮನಿಸಿದ್ದರು. "ಅಂಗವಿಕಲರ ಸರ್ಟಿಫಿಕೇಟ್ ಉಂಟಲ್ಲ? ಕೊರತೆ ನಲವತ್ತು ಪರ್ಸೆಂಟಿನ ಮೇಲಿದ್ರೆ ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಫೀಸು ಬಿಡ್ತಾರೆ. ಸರ್ಕಾರದ ಸ್ಕಾಲರ್‌ಶಿಪ್ಪಿಗೂ ಹಾಕಬಹುದು." ನನ್ನ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ನೀನು ಅವಳು ಸಣ್ಣವಳಿದ್ದಾಗ ಮಾಡಿಸಿದ್ದ ಸರ್ಟಿಫಿಕೇಟಿನ ಅವಧಿ ಮುಗಿದಿತ್ತು. ಹದಿನೆಂಟಾದ ಮೇಲೆ ಹೊಸದಾಗಿ ಪರೀಕ್ಷೆ ಮಾಡಿಸಬೇಕಂತೆ. ಅದೇನು ದೊಡ್ಡ ವಿಷಯ, ಮಾಡಿಸುವ ಎಂದುಕೊಂಡೆ.

ಪರೀಕ್ಷೆಯ ದಿನ ಅವಳು ಹೊಸ ಚೂಡಿದಾರ ಹಾಕಿಕೊಂಡು ಬಂದಳು, ಸಂದರ್ಶನಕ್ಕೆ ಹೊರಟವಳ ಹಾಗೆ. ಸರ್ಕಾರಿ ಆಸ್ಪತ್ರೆಯ, ಗಾಜಿನ ಕಿಟಕಿ ಇರುವ ಆ ಸಣ್ಣ ಕೋಣೆ ನಿನಗೆ ಗೊತ್ತೇ ಉಂಟು. ಕಿವಿಯ ಮೆಷಿನ್ ತೆಗೆದು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಕಿವಿಗೆ ಹೆಡ್‌ಫೋನು, ಶಬ್ದ ಕೇಳಿದರೆ ಬೆರಳೆತ್ತಬೇಕು. ಹೊರಗೆ ಪರೀಕ್ಷೆ ಮಾಡುವ ಮೇಡಂ ಗುಂಡಿ ಒತ್ತುತ್ತಾರೆ, ಒಳಗೆ ಇವಳ ಬೆರಳು ಏಳುತ್ತದೆ. ಮತ್ತೆ ಒತ್ತುತ್ತಾರೆ, ಮತ್ತೆ ಏಳುತ್ತದೆ. ಹೊರಗೆ ಬರುವಾಗ ಅವಳ ಮುಖ ಹೇಗಿತ್ತು ಗೊತ್ತಾ? ಲೋಟ ತುಂಬಿದ ದಿನದ ಹಾಗೆ. "ಪರವಾಗಿಲ್ಲ, ಇವಳಿಗೆ ಒಂದು ಮಟ್ಟಿಗೆ ಚೆನ್ನಾಗಿಯೇ ಕೇಳ್ತದೆ" ಎಂದರು ಮೇಡಂ. ನನಗೋ ಸಂತೋಷವೇ ಸಂತೋಷ. ನಿನ್ನ ಅಷ್ಟೂ ವರ್ಷದ ಕೆಲಸಕ್ಕೆ ಸರ್ಕಾರವೇ ಸೀಲು ಒತ್ತಿದ ಹಾಗೆ ಅನ್ನಿಸಿತು. ಹಂಪನಕಟ್ಟೆಗೆ ಕರೆದುಕೊಂಡು ಹೋಗಿ ದೊಡ್ಡ ಗ್ಲಾಸಿನಲ್ಲಿ ಗಡ್‌ಬಡ್ ಐಸ್‌ಕ್ರೀಮ್ ಕೊಡಿಸಿದೆ. ನಾನೂ ತಿಂದೆ.

ಸರ್ಟಿಫಿಕೇಟಿನ ಹೊಸ ಕಾರ್ಡು ಕೈಗೆ ಬಂದ ಮೇಲೆ ಕಾಲೇಜಿಗೆ ಓಡಿದೆ. ಕ್ಲರ್ಕ್ ಹೆಂಗಸು ಅದನ್ನು ನೋಡಿದರು, ನನ್ನನ್ನು ನೋಡಿದರು. "ನಲವತ್ತಕ್ಕಿಂತ ಕಡಿಮೆ ಉಂಟಲ್ಲ ಇದು. ಇದಕ್ಕೆ ಏನೂ ಸಿಗುವುದಿಲ್ಲ." ನಾನು ಹೇಳಿದೆ, ಮನೆಯಲ್ಲಿ ಇವಳಿಗೆ ಕುಕ್ಕರಿನ ವಿಸಿಲ್ ಕೇಳುವುದಿಲ್ಲ ಮೇಡಂ, ಹಿಂದಿನಿಂದ ಬಸ್ಸು ಹಾರ್ನ್ ಹೊಡೆದರೆ ಕೇಳುವುದಿಲ್ಲ. "ಇರಬಹುದು. ಆದ್ರೆ ಕಾಗದದಲ್ಲಿ ಕೇಳ್ತದಲ್ಲ" ಎಂದರು, ಪಾಪ, ಬೇಜಾರಿನಲ್ಲೇ. ಸೀಟನ್ನು ತಿಂಗಳ ಕೊನೆಯವರೆಗೆ ಮಾತ್ರ ಹಿಡಿದಿಡಬಹುದು ಎಂದರು. ಅವತ್ತು ಸಂಜೆಯೇ ನಾನು ದಮಾಮಿನ ಹಳೆಯ ಕಂಪನಿಯ ಏಜೆಂಟಿಗೆ ಫೋನ್ ಮಾಡಿದೆ. ಸ್ಟೋರ್ ಕೀಪರ್ ಕೆಲಸ ಖಾಲಿ ಇತ್ತು. ಪಾಸ್‌ಪೋರ್ಟ್ ಕೊಟ್ಟು ಬಂದೆ, ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಬೇರೆ ದಾರಿ ಏನಿತ್ತು ಹೇಳು? ನಾನು ಹೋದರೆ ಅವಳ ಕಾಲೇಜು ನಡೆಯುತ್ತದೆ. ಆದರೆ ನೀನಿಲ್ಲದ ಮನೆಯಲ್ಲಿ ಅವಳು, ಮುದುಕಿ ಅತ್ತೆ... ರಾತ್ರಿ ಯಾರಾದರೂ ಬಾಗಿಲು ಬಡಿದರೆ ಅವಳಿಗೆ ಕೇಳುವುದೂ ಇಲ್ಲ.

ಅಂಗಡಿ ಬಿಡುತ್ತೇನೆ ಎಂದು ಹಮೀದ್ ಕಾಕನಿಗೆ ಹೇಳಲೇಬೇಕಾಯಿತು. ಅವರು ತಕ್ಕಡಿ ಒರೆಸುತ್ತಾ ಎಲ್ಲ ಕೇಳಿಸಿಕೊಂಡರು. ಆಮೇಲೆ ಬಟ್ಟೆ ಕೆಳಗಿಟ್ಟರು.

"ನಿಲ್ಲು ಮಾರಾಯ. ಕೇಳದ ಹುಡುಗಿಗೆ ಕೇಳ್ತದೆ ಅಂತ ಬರೆದು ಕೊಟ್ರು. ಅದಕ್ಕೆ ನೀನು ಐಸ್‌ಕ್ರೀಮ್ ಕೊಡಿಸಿದ್ದಾ?"

"ಹೌದು ಕಾಕ."

"ಒಂದಾ ಎರಡಾ?"

"ಎರಡು. ನನಗೂ."

"ಒಳ್ಳೇದಾಯ್ತು." ಅವರು ಕನ್ನಡಕ ತೆಗೆದು ನನ್ನ ಮುಖದ ಎದುರು ಆಡಿಸಿದರು. "ಇದು ಯಾವಾಗ ಬಂದದ್ದು ಗೊತ್ತುಂಟಾ? ಲೈಸೆನ್ಸಿಗೆ ಕಣ್ಣಿನ ಪರೀಕ್ಷೆ ಇತ್ತು. ಎದುರಿನವನು ಓದಿದ್ದನ್ನು ಬಾಯಿಪಾಠ ಮಾಡಿ ನಾನೂ ಗಡಗಡ ಓದಿದೆ. ಪಾಸ್! ಮರುದಿನ ಸ್ಕೂಟರನ್ನು ಸೀದಾ ಮೀನಿನ ಬುಟ್ಟಿಗೆ ಹೊಡೆದೆ. ಆ ಹೆಂಗಸು ನನಗೆ ಬೈದದ್ದು ಈಗಲೂ ಉಳ್ಳಾಲದವರೆಗೆ ಕೇಳ್ತದೆ. ನಿನ್ನ ಮಗಳನ್ನು ಸರಿಯಾಗಿ ಕೇಳು. ಪರೀಕ್ಷೆ ಅಂದ್ರೆ ಪಾಸಾಗ್ಬೇಕು ಅಂತ ನಾವೇ ಅಲ್ವಾ ಮಕ್ಕಳಿಗೆ ಕಲಿಸಿದ್ದು?"

ಆ ಸಂಜೆ ಅವಳು ಹಿಂದಿನ ಮೆಟ್ಟಿಲಲ್ಲಿ ಕೂತು ಬಸಳೆ ಸೊಪ್ಪು ಬಿಡಿಸುತ್ತಿದ್ದಳು. ನಾನು ಎದುರು ಕೂತು ಕೇಳಿದೆ, "ಆ ದಿನ ನಿಜವಾಗಿ ಕೇಳಿಯೇ ಬೆರಳೆತ್ತಿದ್ದಾ?" ಅವಳು ಬಸಳೆಯ ಕಡೆ ತಿರುಗಿದಳು. ಬೇಡದ ಮಾತು ಬಂದಾಗ ಅವಳು ಮಾಡುವುದು ಅದನ್ನೇ, ನಿನಗೆ ಗೊತ್ತಲ್ಲ. ನೀನಾದರೆ ಗಲ್ಲ ಹಿಡಿದು ತಿರುಗಿಸುತ್ತಿದ್ದೆ. ನನಗೆ ಆ ಧೈರ್ಯ ಇಲ್ಲ. ನಾನೂ ಒಂದು ಬಳ್ಳಿ ಎತ್ತಿಕೊಂಡು ಎಲೆ ಬಿಡಿಸಿದೆ. ಬಳ್ಳಿ ಬರಿದಾಗುವಾಗ ಅವಳೇ ಮುಖ ಎತ್ತಿದಳು.

"ಕೆಲವು ಕೇಳಿತು ಪಪ್ಪ."

"ಉಳಿದದ್ದು?"

"ಉಳಿದದ್ದು ಕಂಡಿತು."

ಮೇಡಂ ಗುಂಡಿ ಒತ್ತುವ ಮೊದಲು ತುಟಿ ಬಿಗಿ ಹಿಡಿಯುತ್ತಾರಂತೆ. ಒತ್ತುವಾಗ ಕೊರಳಿನ ಐಡಿ ಕಾರ್ಡಿನ ದಾರ ಸಣ್ಣದಾಗಿ ಅಲುಗುತ್ತದಂತೆ. ಅಷ್ಟು ಸಾಕಂತೆ ಅವಳಿಗೆ. ನಾನು ಬಾಯಿ ಬಿಟ್ಟು ಕೇಳುತ್ತಾ ಕೂತೆ. "ಇದು ಸಣ್ಣದಿಂದಲೂ ಗೊತ್ತುಂಟು ನನಗೆ. ಅಮ್ಮ ಹಿಂದೆ ಕೂತು ಬೀಸಣಿಗೆ ಹಿಡೀತಿದ್ದಳಲ್ಲ, ಎದುರು ಟಿವಿ ಇತ್ತು. ಟಿವಿ ಬಂದ್ ಇದ್ರೆ ಕನ್ನಡಿಯ ಹಾಗೆ. ಅಮ್ಮನ ಭುಜ ಕಾಣ್ತಿತ್ತು." ಹೇಳು, ನಿನಗೆ ಇದು ಗೊತ್ತಿತ್ತಾ? ಗೊತ್ತಿದ್ದೂ ಸುಮ್ಮನಿದ್ದೆಯಾ? ನನಗೆ ಮೊದಲು ನಗು ಬಂತು. ಮೂರು ವರ್ಷದ ಮಗು, ಅಮ್ಮನ ಮುಖ ಸಣ್ಣದಾಗಬಾರದೆಂದು ಕಪ್ಪು ಗಾಜನ್ನು ನೋಡಿ ಬೀಜ ಹಾಕಿತ್ತು.

"ಸರಿ, ಈಗ ದೊಡ್ಡವಳಾದೆಯಲ್ಲ, ಕೇಳದಿದ್ರೆ ಸುಮ್ಮನೆ ಕೂರ್ಬಹುದಿತ್ತಲ್ಲ ಮಗಾ?" ಎಂದೆ. ಅವಳು ಅಳತೊಡಗಿದಳು. ಅಳುವಾಗ ಅವಳ ಮಾತು ಕಲಸಿಹೋಗುತ್ತದೆ, ಆದರೂ ನನಗೆ ಪ್ರತಿಯೊಂದು ಅಕ್ಷರ ತಿಳಿಯಿತು. "ಸುಮ್ಮನೆ ಕೂತ್ರೆ ಅಮ್ಮ ಮಾಡಿದ್ದೆಲ್ಲ ಸೊನ್ನೆ ಅಂತ ಬರೆದು ಕೊಡ್ತಾರಲ್ಲ ಪಪ್ಪ. ಅಮ್ಮ ಇಲ್ಲದಿರುವಾಗ ನಾನು ಹೇಗೆ..." ಬೇರೇನೂ ತೋಚದೆ, ಪಾಸ್‌ಪೋರ್ಟ್ ಕೊಟ್ಟು ಬಂದ ವಿಷಯ ಹೇಳಿಬಿಟ್ಟೆ. ಅಳು ಅಲ್ಲಿಗೇ ನಿಂತಿತು. ಈಗ ಸಿಟ್ಟು. ಬಸಳೆಯ ಬುಟ್ಟಿ ಬದಿಗೆ ಸರಿಯಿತು. "ನನಗೆ ಹೇಳದೆ ಹೊರಟಿದ್ರಾ? ಅಜ್ಜಿಗಾದ್ರೂ ಹೇಳಿದ್ರಾ? ಅಜ್ಜೀ!"

ನಿನ್ನ ಅತ್ತೆ ಆಗಲೇ ಬಾಗಿಲಲ್ಲಿದ್ದರು. ನಾವು ಅವಳಿಗೆ ಕೇಳಲೆಂದು ಜೋರಾಗಿ ಮಾತಾಡುವುದರಿಂದ ಈ ಮನೆಯಲ್ಲಿ ಗುಟ್ಟು ಎನ್ನುವುದು ಇಲ್ಲವಲ್ಲ. ಮೊದಲು ನನಗೆ ತುಳುವಿನಲ್ಲಿ ನಾಲ್ಕು ಬಿತ್ತು, ಅದನ್ನು ಇಲ್ಲಿ ಬರೆಯುವುದಿಲ್ಲ. ಆಮೇಲೆ ಮೊಮ್ಮಗಳ ಎದುರು ಕಷ್ಟಪಟ್ಟು ಕುಕ್ಕರಗಾಲಿನಲ್ಲಿ ಕೂತು, ಅವರದೇ ಕನ್ನಡದಲ್ಲಿ ಶುರು ಮಾಡಿದರು. "ನಿನ್ನ ಅಮ್ಮ ನನಗೆ ಕನ್ನಡ ಕಲಿಸಿದಳು. ಈ ಪ್ರಾಯದಲ್ಲಿ! ನನಗೆ ಸರಿ ಬತ್ತುಂಡಾ? ಬರ್ಲಿಲ್ಲ. ಈಗಲೂ ಬರುದಿಲ್ಲ. ಪರೀಕ್ಷೆ ಮಾಡಿದ್ರೆ ನಾನು ಫೇಲು. ಆದ್ರೆ ನೀನೂ ನಾನೂ ಮಾತಾಡ್ತೇವಲ್ಲ ಮಗಾ? ನಿನ್ನ ಅಮ್ಮನಿಗೆ ಬೇಕಿದ್ದದ್ದು ಅದು. ಫೇಲಾಗಿ ಬಾ, ಹೋಗು." ಅಷ್ಟು ಹೇಳಿ ಏಳಲು ಹೊರಟರು. ಏಳಲು ಆಗದೆ ಅವಳ ಹೆಗಲನ್ನೇ ಹಿಡಿದರು.

ಎರಡನೇ ಸಲ ಹೋದಾಗ ಮೇಡಂ ಮೊದಲು ಒಪ್ಪಲಿಲ್ಲ. ತಪ್ಪು ಅವರದಲ್ಲ. "ಆವತ್ತು ಕೇಳಿತು, ಇವತ್ತು ಕೇಳುವುದಿಲ್ಲ ಅಂದ್ರೆ ನಾವು ಯಾವುದನ್ನು ನಂಬುವುದು? ಪರ್ಸೆಂಟ್ ಹೆಚ್ಚು ಮಾಡಿಸ್ಲಿಕ್ಕೆ ಎಷ್ಟೋ ಜನ ಹೀಗೆ ಬರ್ತಾರೆ" ಎಂದರು. ಮಗಳೇ ಮುಂದೆ ಬಂದಳು. "ಮೇಡಂ, ನೀವು ಗುಂಡಿ ಒತ್ತುವ ಮೊದಲು ಹೀಗೆ ಮಾಡ್ತೀರಿ" ಎಂದು ತುಟಿ ಬಿಗಿದು ತೋರಿಸಿದಳು. ಐಡಿ ಕಾರ್ಡಿನ ದಾರ ಹೇಗೆ ಅಲುಗುತ್ತದೆ ಎಂದೂ ತೋರಿಸಿದಳು. ಮೇಡಂ ಕೊರಳಿನ ದಾರವನ್ನು ಮುಟ್ಟಿ ನೋಡಿಕೊಂಡರು. ಆಮೇಲೆ ನಕ್ಕುಬಿಟ್ಟರು. "ಕೇಳುವುದಿಲ್ಲ ಅಂತ ನಾಟಕ ಮಾಡಿದವರನ್ನು ಬೇಕಾದಷ್ಟು ನೋಡಿದ್ದೇನೆ ಮಾರಾಯ್ತಿ. ಕೇಳ್ತದೆ ಅಂತ ನಾಟಕ ಮಾಡಿದವಳು ನೀನೇ ಮೊದಲು!" ಬೆರಳೆತ್ತುವ ಪರೀಕ್ಷೆಯ ಜೊತೆಗೆ, ತಲೆಗೆ ವಯರು ಅಂಟಿಸಿ ಮಲಗಿಸಿ ಮಾಡುವ ಇನ್ನೊಂದು ಪರೀಕ್ಷೆಯನ್ನೂ ಮಾಡುತ್ತೇವೆ, ಅದರಲ್ಲಿ ನಾಟಕ ನಡೆಯುವುದಿಲ್ಲ, ಎರಡೂ ಹೊಂದಿದರೆ ಮೇಲಿನವರಿಗೆ ಬರೆಯುತ್ತೇನೆ ಎಂದರು.

ಗಾಜಿನ ಕೋಣೆಯೊಳಗೆ ಹೋದವಳು ಕುರ್ಚಿಯನ್ನು ತಾನೇ ಎಳೆದು ಗೋಡೆಯ ಕಡೆ ತಿರುಗಿಸಿದಳು. ಬೆನ್ನು ನಮಗೆ. ಎರಡೂ ಕೈ ಮೊಣಕಾಲ ಮೇಲೆ. ಮೇಡಂ ಗುಂಡಿ ಒತ್ತಿದರು. ಏನೂ ಆಗಲಿಲ್ಲ. ಇನ್ನೂ ಜೋರು ಮಾಡಿ ಒತ್ತಿದರು. ಅವಳ ಜಡೆ ಕೂಡ ಅಲುಗಲಿಲ್ಲ. ಮತ್ತೆ, ಮತ್ತೆ. ನನ್ನ ಬೆರಳು ನನಗೇ ತಿಳಿಯದೆ ಎದ್ದು ನಿಂತಿತ್ತು, ಎತ್ತು ಮಗಾ ಎಂದು ಹೇಳುವ ಹಾಗೆ. ಏನು ಹೇಳಲಿ ನಿನಗೆ? ಅವಳಿಗೆ ಕೇಳುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಶಬ್ದ ಬಂದು ಅವಳನ್ನು ಮುಟ್ಟದೆ ಹೋಗುವುದನ್ನು ಹೀಗೆ ನಿಂತು ನೋಡಿರಲಿಲ್ಲ. ಎಲ್ಲೋ ಬಹಳ ಜೋರಾದ ಮೇಲೆ ಅವಳ ಬೆರಳು ನಿಧಾನಕ್ಕೆ ಎದ್ದಿತು. ಸಣ್ಣ ಅನುಮಾನದ ಹಾಗೆ. ಅದು ನಿಜವಾಗಿ ಕೇಳಿದ್ದು. ಅಷ್ಟೊಂದು ನಿಶ್ಶಬ್ದದ ಒಳಗಿಂದ ನೀನು ಅವಳನ್ನು ಮಾತಿನವರೆಗೆ ಕರೆದು ತಂದೆಯಲ್ಲ... ನಿನ್ನ ಕೆಲಸದ ಅಳತೆ ನನಗೆ ಸಿಕ್ಕಿದ್ದು ಆ ದಿನ. ಅವಳು ಬೀಜ ಹಾಕಿದಾಗ ಅಲ್ಲ.

ಹೊರಗೆ ಬಂದು ಅವಳು ಮೊದಲು ನನ್ನ ಮುಖ ನೋಡಿದಳು, ನಿನ್ನ ಮುಖ ನೋಡುತ್ತಿದ್ದ ಹಾಗೆ. ಮೆಷಿನ್ ಹಾಕಿಕೊಳ್ಳುವ ಮೊದಲೇ ಕೇಳಿದಳು, "ಎಂತ ಪಪ್ಪ, ಫೇಲಾ?" ನಾನು ತುಟಿ ಬಿಡಿಸಿ, ಮೆಲ್ಲಗೆ, ಅವಳಿಗೆ ಕಾಣುವ ಹಾಗೆ ಹೇಳಿದೆ. "ಒಳ್ಳೆ ಫೇಲು." ಇಬ್ಬರೂ ನಕ್ಕೆವು. ಬೆಂಚಿನಲ್ಲಿ ಕಾಯುತ್ತಿದ್ದವರೆಲ್ಲ ನಮ್ಮನ್ನೇ ನೋಡಿದರು. ವಯರಿನ ಪರೀಕ್ಷೆಯೂ ಅದನ್ನೇ ಹೇಳಿತು. ಹೊಸ ಕಾರ್ಡು ನಲವತ್ತನ್ನು ದಾಟಿತು, ತುಂಬ ದಾಟಿತು. ಅದು ಕೈಗೆ ಬರುವಾಗ ತಿಂಗಳು ಮುಗಿಯುತ್ತಾ ಬಂದಿತ್ತು. ಕ್ಲರ್ಕ್ ಹೆಂಗಸು ಅದನ್ನು ಎರಡು ಸಲ ಓದಿ, "ಇದು ಆಗ್ತದೆ" ಎಂದರು. ಫೀಸಿನಲ್ಲಿ ದೊಡ್ಡ ಪಾಲು ಹೋಯಿತು. ಸ್ಕಾಲರ್‌ಶಿಪ್ಪಿಗೆ ಹಾಕಿದ್ದೇವೆ, ಅದು ಬರುವಾಗ ಬರಲಿ. ಉಳಿದದ್ದು ನನ್ನ ಸಂಬಳದಲ್ಲಿ ಆಗುತ್ತದೆ. ಸ್ವಲ್ಪ ಬಿಗಿ, ಆದರೆ ಆಗುತ್ತದೆ. ಏಜೆಂಟ್ ಪಾಸ್‌ಪೋರ್ಟ್ ವಾಪಸು ಕೊಡುವಾಗ, "ಇಂಥ ಚಾನ್ಸ್ ಮತ್ತೆ ಸಿಗುವುದಿಲ್ಲ ಭಾಯಿ" ಎಂದ. ಇರಲಿ ಎಂದೆ.

ಎಲ್ಲ ಸುಲಭವಾಯಿತು ಎಂದು ನೀನು ತಿಳಿಯಬೇಡ. ಲ್ಯಾಬಿನಲ್ಲಿ ಎಲ್ಲರೂ ಮಾಸ್ಕ್ ಹಾಕುತ್ತಾರೆ. ಮಾಸ್ಕ್ ಹಾಕಿದ ಮೇಲೆ ಅವಳಿಗೆ ಎಲ್ಲರೂ ಮೂಕರು. ಮೊದಲ ವಾರ ಮನೆಗೆ ಬಂದು ಊಟ ಮಾಡದೆ ಮಲಗುತ್ತಿದ್ದಳು. ಈಗ ಪಕ್ಕದಲ್ಲಿ ಕೆಲಸ ಮಾಡುವ ಅವಳ ಕ್ಲಾಸಿನ ಹುಡುಗಿಯೊಬ್ಬಳು, ಬೇರೆಯವರು ಹೇಳಿದ್ದನ್ನೆಲ್ಲ ಚೀಟಿಯಲ್ಲಿ ಬರೆದು ತೋರಿಸುತ್ತಾಳೆ. ಆಯಿಷಾ ಎಂದು ಹೆಸರು, ಕಾವೂರಿನವಳು. ಇವತ್ತು ಮಗಳು ಹೋದದ್ದು ಅವಳ ಮನೆಗೇ, ಊಟಕ್ಕೆ. ಮೊನ್ನೆ ಕಾಲೇಜಿನ ಗೇಟಿನಲ್ಲಿ ಇಬ್ಬರೂ ಸಿಕ್ಕಿದಾಗ ಆಯಿಷಾ ನನಗೆ ಒಂದು ವಿಷಯ ಹೇಳಿದಳು. ಮಗಳು ಹೇಳಿರಲಿಲ್ಲ. ನಿನಗೂ ಯಾರೂ ಹೇಳಿರಲಾರರು. ಈ ಕಾಗದ ಬರೆಯಲು ಕೂತದ್ದೇ ಅದಕ್ಕಾಗಿ.

"ಅಂಕಲ್, ಮೊದಲ ದಿನ ಸರ್ ಬೋರ್ಡಿನಲ್ಲಿ ಬರೀತಾ, ನಮ್ಮ ಕಡೆ ಬೆನ್ನು ಹಾಕಿ ಪಾಠ ಮಾಡ್ತಿದ್ರು. ಇವಳು ಎದ್ದು ನಿಂತ್ಲು. ಇಡೀ ಕ್ಲಾಸು ತಿರುಗಿ ನೋಡಿತು. 'ಸರ್, ನನಗೆ ಕಿವಿ ಕೇಳುವುದಿಲ್ಲ. ನೀವು ಈ ಕಡೆ ತಿರುಗಿ ಮಾತಾಡಿದ್ರೆ ನನಗೆ ಗೊತ್ತಾಗ್ತದೆ' ಅಂದ್ಲು. ಸರ್‌ಗೆ ನಂಬಿಕೆಯೇ ಬರ್ಲಿಲ್ಲ. 'ಕೇಳುವುದಿಲ್ವಾ? ಇಷ್ಟು ಸ್ಪಷ್ಟ ಮಾತಾಡ್ತೀಯಲ್ಲ ನೀನು?' ಅಂತ ಕೇಳಿದ್ರು."

"ಅದಕ್ಕೆ ಇವಳೆಂತ ಹೇಳಿದ್ಲು?" ಎಂದೆ.

ಆಯಿಷಾ ನಗುತ್ತಾ ಮಗಳ ಕಡೆ ನೋಡಿದಳು. ಮಗಳು ನಾಚಿಕೆಯಿಂದ ರಸ್ತೆಯ ಕಡೆ ತಿರುಗಿ ನಿಂತಿದ್ದಳು, ಬಸ್ಸು ಬಂತಾ ಎಂದು ನೋಡುವವಳ ಹಾಗೆ.

"'ಮಾತು ನನ್ನ ಅಮ್ಮ ಕಲಿಸಿದ್ದು ಸರ್. ಕಿವಿ ನನ್ನದೇ' ಅಂದ್ಲು ಅಂಕಲ್."